ಏನೆಂದು ಕೇಳಬಾರದ ಕಾಯಿಲೆ

ಹೋದ ತಿಂಗಳು ನನ್ನ ಮೇಲೆ ಒಂದು ದೂರು ಬಂತು. ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬಳನ್ನು ‘ಏನಾಯ್ತವ್ವ’ ಎಂದು ವಿಚಾರಿಸಿದ್ದು ನನ್ನ ಅಪರಾಧ.

ಬೈದಿರಲಿಲ್ಲ. ಕೆಲಸದಿಂದ ತೆಗೆದಿರಲಿಲ್ಲ. ವಿಚಾರಿಸಿದ್ದೆ, ಅಷ್ಟೇ. ಅದಕ್ಕೆ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಇ-ಮೇಲ್. ನನ್ನ ಮಗಳು ಶೋಭಾ ಅದನ್ನು ಓದಿ ಮುಗಿಸಿ, ಫೋನು ಕೆಳಗಿಟ್ಟು, ನನ್ನ ಮುಖ ನೋಡಿದಳು. ಚಿಕ್ಕವಳಿದ್ದಾಗ ಅವಳು ಪಕ್ಕದ ಮನೆಯ ಹುಂಜಕ್ಕೆ ಸುಣ್ಣ ಬಳಿದು ಬಂದ ದಿನ ನಾನು ಅವಳನ್ನು ಹಾಗೆ ನೋಡಿದ್ದೆ.

ಹೊಸದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ತೆಂಗಿನ ನಾರಿನ ಯೂನಿಟ್ ಇದೆ. ನಡೆಸುವವಳು ಶೋಭಾ. ಕಾಗದದ ಮೇಲೆ ಮಾಲೀಕಳು ನಾನು. (ಜಾಗ ನನ್ನ ಹೆಸರಿನಲ್ಲಿತ್ತು. ಹಾಗಾಗಿ ಸಹಿ ನನ್ನದು, ತಲೆನೋವು ಅವಳದು. ಇಂಥ ಹುದ್ದೆ ಎಲ್ಲ ತಾಯಂದಿರಿಗೂ ಸಿಗಲಿ.)

ತೆಂಗಿನ ಸಿಪ್ಪೆ ಬಡಿದರೆ ನಾರು ಬರುತ್ತದೆ. ನಾರಿನ ಜೊತೆ ಕಂದು ಪುಡಿ ಉದುರುತ್ತದೆ. ಆ ಪುಡಿಯನ್ನು ನಮ್ಮ ಕಾಲದಲ್ಲಿ ತಿಪ್ಪೆಗೂ ಹಾಕುತ್ತಿರಲಿಲ್ಲ, ಬೇಗ ಕೊಳೆಯುವುದಿಲ್ಲ ಎಂದು. ಈಗ ಅದನ್ನೇ ತೊಳೆದು, ಕಣದಲ್ಲಿ ಒಣಗಿಸಿ, ಮೆಷಿನ್ನಿನಲ್ಲಿ ಒತ್ತಿ ಇಟ್ಟಿಗೆ ಮಾಡುತ್ತೇವೆ. ಇಟ್ಟಿಗೆ ಲಾರಿ ಹತ್ತಿ ಹಿರಿಯೂರಿನ ಹೈವೇ ಹಿಡಿದು, ಬಂದರು ಸೇರಿ, ಹಡಗಿನಲ್ಲಿ ನೆದರ್‌ಲ್ಯಾಂಡ್ಸಿಗೆ ಹೋಗುತ್ತದೆ. ಅಲ್ಲಿನವರು ಗಾಜಿನ ಮನೆ ಕಟ್ಟಿ ಅದರೊಳಗೆ ಟೊಮೆಟೊ ಬೆಳೆಯುತ್ತಾರೆ. ಮಣ್ಣು ಬೇಡ, ನಮ್ಮ ಪುಡಿ ಸಾಕು.

ಕಳಿಸುವುದೇನೋ ಸುಲಭ. ಆಮೇಲೆ? ಇಟ್ಟಿಗೆ ನೀರಿನಲ್ಲಿ ಸರಿಯಾಗಿ ಉಬ್ಬಲಿಲ್ಲ, ಉಪ್ಪಿನಂಶ ಜಾಸ್ತಿ ಇದೆ, ಪ್ಯಾಕಿಂಗ್ ಹರಿದಿದೆ. ಇಲ್ಲಿ ಕೂತುಕೊಂಡು ಫೋನಿನಲ್ಲಿ ಎಷ್ಟು ಅಂತ ಸಮಾಧಾನ ಹೇಳುವುದು? ಅಲ್ಲೇ ಒಬ್ಬರು ನಮ್ಮವರು ಬೇಕು ಎಂದು ಶೋಭಾ ಹುಡುಕಿದಳು. ಸಿಕ್ಕವಳು ಯಾನೆಕೆ. ನಲವತ್ತು ದಾಟಿದ ಹೆಂಗಸು. ಗಾಜಿನ ಮನೆಗಳಲ್ಲೇ ಕೆಲಸ ಮಾಡಿ ಪಳಗಿದವಳು. ಹೆಸರು ಬರೆಯುವುದು ಇಂಗ್ಲಿಷಿನ ‘ಜೆ’ ಅಕ್ಷರದಿಂದ. ಕಾಗದದಲ್ಲಿ ನೋಡಿದ ದಿನವೇ ನಾನು ಜಾನಕಿ ಎಂದು ಕರೆದೆ. ಅವಳೂ ಬೇಡ ಎನ್ನಲಿಲ್ಲ.

ಕೆಲಸಕ್ಕೆ ಇಟ್ಟುಕೊಳ್ಳುವುದು ಎಂದರೆ ನಮಗೆ ಗೊತ್ತಿರುವುದೇನು? ನಾಳೆಯಿಂದ ಬಾ ಅನ್ನುವುದು. ಶನಿವಾರ ಬಟವಾಡೆ ಮಾಡುವುದು. ಜಾನಕಿಗೂ ತಿಂಗಳಿಗೊಮ್ಮೆ ಬ್ಯಾಂಕಿನಿಂದ ದುಡ್ಡು ಕಳಿಸಿಬಿಟ್ಟರಾಯಿತು ಎಂದುಕೊಂಡಿದ್ದೆವು.

ಚಿತ್ರದುರ್ಗದ ನಮ್ಮ ಆಡಿಟರ್ ತಲೆ ಅಲ್ಲಾಡಿಸಿದರು. ಆಕೆ ದಿನವಿಡೀ ನಿಮ್ಮ ಕೆಲಸ ಮಾಡುತ್ತಾಳೆ, ನೀವು ಹೇಳಿದ ಹಾಗೆ ಮಾಡುತ್ತಾಳೆ ಅಂದಮೇಲೆ ಆ ದೇಶದ ಕಣ್ಣಿನಲ್ಲಿ ಆಕೆ ನೌಕರಳು, ಬಿಡಿಗುತ್ತಿಗೆಯವಳಲ್ಲ ಎಂದರು. ಅಲ್ಲಿನ ತೆರಿಗೆ ಹಿಡಿಯಬೇಕು, ವಿಮೆ ಕಟ್ಟಬೇಕು, ಅಲ್ಲಿನ ಕಾನೂನಿನ ಪ್ರಕಾರ ರಜೆ ಕೊಡಬೇಕು. ಇದನ್ನೆಲ್ಲ ಮಾಡಲು ನಮಗೆ ಅಲ್ಲಿ ಒಂದು ಬೋರ್ಡೂ ಇಲ್ಲ, ಬಾಗಿಲೂ ಇಲ್ಲ. ಸುಮ್ಮನೆ ದುಡ್ಡು ಕಳಿಸುತ್ತಾ ಹೋದರೆ ಒಂದು ದಿನ ಅಲ್ಲಿನ ಸರ್ಕಾರ ಹಳೆಯದನ್ನೆಲ್ಲ ಸೇರಿಸಿ ಕೇಳುತ್ತದಂತೆ.

ಅದಕ್ಕೊಂದು ದಾರಿಯೂ ಇತ್ತು. ಮಧ್ಯದ ಕಂಪನಿ. ಇವರ ಒಂದು ಆಫೀಸು ಬೆಂಗಳೂರಿನಲ್ಲಿ, ಇನ್ನೊಂದು ಅಲ್ಲಿ. ಕಾಗದದ ಮೇಲೆ ಜಾನಕಿ ಅಲ್ಲಿನ ಆಫೀಸಿನ ನೌಕರಳು. ಸಂಬಳದ ಚೀಟಿ, ತೆರಿಗೆ, ವಿಮೆ, ಪಿಂಚಣಿ ಎಲ್ಲ ಅವರದು. ಕೆಲಸ ಮಾತ್ರ ನಮ್ಮದು. ನಾವು ತಿಂಗಳಿಗೊಮ್ಮೆ ಅದೆಲ್ಲದರ ಮೊತ್ತದ ಜೊತೆ ಅವರ ಫೀಸನ್ನೂ ಕಳಿಸಬೇಕು.

ಶೋಭಾಗೆ ಇದು ಅರ್ಥವಾಗಲು ಒಂದು ವಾರ ಹಿಡಿಯಿತು. ನನಗೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಸಾಕಾಯಿತು. ನಾವು ಗೊಬ್ಬರಕ್ಕೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತೇವಲ್ಲ, ಅದೇ ತಾನೆ? ರಾತ್ರಿ ಕುರಿ ನಿಲ್ಲುವುದು ನಮ್ಮ ಹೊಲದಲ್ಲಿ, ಗೊಬ್ಬರ ನಮ್ಮ ನೆಲಕ್ಕೆ. ಆದರೆ ಕುರಿ ಕುರಿಗಾರನದು. ಅದು ಕೆಮ್ಮಿದರೆ ನೋಡಿಕೊಳ್ಳುವವನು ಅವನು. ನಾವು ಅವನಿಗೆ ಕೊಡುವುದನ್ನು ಕೊಟ್ಟು ಕೈಕಟ್ಟಿಕೊಂಡು ನಿಲ್ಲಬೇಕು. (ಈ ಹೋಲಿಕೆಯನ್ನು ಜಾನಕಿಗೆ ಯಾರೂ ಹೇಳಬೇಡಿ.)

ಕೈಕಟ್ಟಿಕೊಂಡು ನಿಲ್ಲಬೇಕು ಎನ್ನುವುದು ಆವತ್ತು ನನಗೇ ಹೊಳೆದಿತ್ತು. ನಿಂತೆನಾ? ಅದೇ ಮುಂದಿನ ಕಥೆ.

ಕಾಂಟ್ರಾಕ್ಟು ಬಂತು. ಸಹಿ ಹಾಕುವವಳು ನಾನಾದ್ದರಿಂದ ಪ್ರತಿ ಸಾಲೂ ಓದಿ ಹೇಳು ಎಂದು ಶೋಭಾಳನ್ನು ಕೂರಿಸಿದೆ. ವಾರಕ್ಕೆ ಇಷ್ಟೇ ಗಂಟೆ. ವರ್ಷಕ್ಕೆ ಇಷ್ಟು ದಿನ ರಜೆ. ರಜೆಗೂ ಸಂಬಳ. ಸರಿ. ಅದಾದ ಮೇಲೆ ಮೇ ತಿಂಗಳಲ್ಲಿ ‘ರಜೆಯ ಹಣ’ ಅಂತ ಬೇರೆ ಕೊಡಬೇಕಂತೆ. ರಜೆ ಕೊಟ್ಟಮೇಲೆ ರಜೆಯಲ್ಲಿ ತಿರುಗಾಡಲು ಖರ್ಚಿಗೂ ಕೊಡಬೇಕು. ನಮ್ಮ ಕಡೆ ಅಳಿಯಂದಿರಿಗೆ ಬಿಟ್ಟರೆ ಈ ಸೌಕರ್ಯ ಇನ್ಯಾರಿಗೆ ಇದೆ ಹೇಳಿ?

ಸಹಿ ಹಾಕಿದೆ. ಒಂದು ವರ್ಷಕ್ಕೆ.

ಹಾಕಿದ್ದಕ್ಕೆ ಬೇಜಾರಾಗಲಿಲ್ಲ. ಜಾನಕಿ ಸೈಕಲ್ಲಿನಲ್ಲಿ ಗಾಜಿನ ಮನೆಯಿಂದ ಗಾಜಿನ ಮನೆಗೆ ಹೋಗುತ್ತಿದ್ದಳು. ನಮ್ಮ ಇಟ್ಟಿಗೆಯನ್ನು ಬಕೆಟ್ಟಿನ ನೀರಿಗೆ ಹಾಕಿ ಅದು ಉಬ್ಬುವುದನ್ನು ಫೋನಿನಲ್ಲಿ ತೋರಿಸುತ್ತಿದ್ದಳು. ಇಲ್ಲಿ ಕಣದ ಹೆಂಗಸರೆಲ್ಲ ಕೆಲಸ ಬಿಟ್ಟು, ನಾವೇ ಒಣಗಿಸಿದ ಪುಡಿ ಅಷ್ಟು ದೂರದಲ್ಲಿ ಉಬ್ಬುವುದನ್ನು ಮದುವೆ ವೀಡಿಯೊ ನೋಡುವ ಹಾಗೆ ನೋಡುತ್ತಿದ್ದೆವು. ನಮ್ಮ ಮಾಲಿನ ಅರ್ಧಕ್ಕಿಂತ ಹೆಚ್ಚು ಕೊಳ್ಳುವವನು ಅಲ್ಲಿನ ಒಬ್ಬನೇ ಟೊಮೆಟೊ ಸಾಹುಕಾರ. ಅವನು ನಮ್ಮನ್ನು ನಂಬಿದ್ದಲ್ಲ. ಜಾನಕಿಯನ್ನು ನಂಬಿದ್ದು.

ವರ್ಷ ಮುಗಿಯುತ್ತಾ ಬಂತು. ಮುಂದುವರಿಸುವ ಕಾಗದವನ್ನು ಮಧ್ಯದ ಕಂಪನಿಯ ಮೂಲಕ ಕಳಿಸಿದೆವು. ಜಾನಕಿ ಸಹಿ ಹಾಕಬೇಕಿತ್ತು. ಹಾಕಿರಲಿಲ್ಲ. ಅಷ್ಟರಲ್ಲಿ ಒಂದು ಸೋಮವಾರ ಬೆಳಗ್ಗೆ ಅವಳಿಂದ ಮೆಸೇಜು ಬಂತು. ‘ನನಗೆ ಹುಷಾರಿಲ್ಲ. ಇಂದು ಕೆಲಸ ಮಾಡುವುದಿಲ್ಲ.’

ಅಷ್ಟೇ.

ನೀವೇ ಹೇಳಿ, ಹುಷಾರಿಲ್ಲ ಎಂದು ಹೇಳುವ ರೀತಿಯೇ ಇದು? ನಮ್ಮ ಕಡೆ ಹುಷಾರಿಲ್ಲ ಎನ್ನುವುದು ಮಾತಿನ ಶುರು. ಅದಾದ ಮೇಲೆ ಯಾವಾಗಿಂದ, ಎಲ್ಲಿ, ಏನು ತಿಂದಿದ್ದು, ಯಾವ ಡಾಕ್ಟರು, ಎಷ್ಟು ಬಾಟಲಿ ಡ್ರಿಪ್ಪು, ಎಲ್ಲ ಬರಬೇಕು. ಸಿರಿಗೆರೆಯಿಂದ ಬರುವ ಬಸ್ಸಿನಲ್ಲಿ ಯಾರದಾದರೂ ಕೈಯಲ್ಲಿ ಸ್ಕ್ಯಾನಿಂಗ್ ಕವರ್ ಕಂಡರೆ ಕೇಳದೆ ಇಳಿದವರುಂಟೇ? ಕೇಳುವುದಿರಲಿ, ಫಿಲ್ಮನ್ನು ಹೊರಕ್ಕೆ ತೆಗೆದು ಕಿಟಕಿ ಬೆಳಕಿಗೆ ಹಿಡಿದು, ಹಿಂದಿನ ಸೀಟಿನವರಿಗೂ ಒಂದು ಸುತ್ತು ತೋರಿಸುತ್ತೇವೆ. ಕಲ್ಲು ಎಲ್ಲಿದೆ ಎಂದು ಕಂಡಕ್ಟರೂ ಬಗ್ಗಿ ನೋಡುತ್ತಾನೆ.

ಫೋನಿನಲ್ಲಿ ಟೈಪ್ ಮಾಡುವುದನ್ನು ನಾನು ಕಲಿತು ಇನ್ನೂ ವರ್ಷ ತುಂಬಿಲ್ಲ. (ಈ ಅಂಕಣವೂ ಅದೇ ಒಂದು ಬೆರಳಿನ ಕೂಸು.) ಕನ್ನಡದಲ್ಲಿ ಒತ್ತಿದರೆ ಫೋನು ಅವರ ಭಾಷೆಗೆ ತಿರುಗಿಸಿಕೊಡುತ್ತದೆ. ಹಾಗಾಗಿ ಕೂತು ಒತ್ತಿದೆ. ಏನಾಯ್ತವ್ವ ಜಾನಕಿ? ಜ್ವರಾನಾ? ಹೊಟ್ಟೇನಾ? ಮುಟ್ಟಿನ ನೋವಾ? ನಿನ್ನೆ ಏನು ಉಂಡಿದ್ದೆ? ಮನೆಯಲ್ಲಿ ಜೊತೆಗೆ ಯಾರಿದ್ದಾರೆ?

ಉತ್ತರವಿಲ್ಲ. ಮಧ್ಯಾಹ್ನ ಜೀರಿಗೆ ಕಷಾಯ ಮಾಡುವುದು ಹೇಗೆಂದು ಬರೆದೆ. ಉತ್ತರವಿಲ್ಲ. ಸಂಜೆ, ನಾಲಿಗೆ ಹೊರಚಾಚಿ ಒಂದು ಫೋಟೊ ಕಳಿಸು, ಬಣ್ಣ ನೋಡಿದರೆ ನನಗೆ ಗೊತ್ತಾಗುತ್ತದೆ ಎಂದು ಬರೆದೆ.

ಮಾರನೆಯ ದಿನವೂ ಸುದ್ದಿ ಇಲ್ಲ. ನನಗೆ ನಿಜಕ್ಕೂ ಗಾಬರಿಯಾಯಿತು. ಒಬ್ಬಳೇ ಬಿದ್ದುಕೊಂಡಿದ್ದರೆ? ನೋಡಿಕೊಂಡು ಬರೋಣವೆಂದರೆ ಹೊರಕೆರೆದೇವಪುರವೇ ಅದು, ಬಸ್ಸು ಹತ್ತಿ ಇಳಿಯೋಕೆ? ಅಲ್ಲಿ ನನಗೆ ಗೊತ್ತಿದ್ದ ಇನ್ನೊಬ್ಬ ಮನುಷ್ಯ ಎಂದರೆ ಟೊಮೆಟೊ ಸಾಹುಕಾರ. ಯುಗಾದಿಗೆ ಅವನು ಕಳಿಸಿದ್ದ ಶುಭಾಶಯ ನನ್ನ ಫೋನಿನಲ್ಲಿತ್ತು. ಅವನಿಗೇ ಬರೆದೆ. ನಮ್ಮ ಜಾನಕಿಗೆ ಹುಷಾರಿಲ್ಲ, ಮಲಗಿಬಿಟ್ಟಿದ್ದಾಳೆ, ಹತ್ತಿರದಲ್ಲಿದ್ದೀರಿ, ಬ್ರೆಡ್ಡೋ ಹಣ್ಣೋ ತಗೊಂಡು ಒಂದು ಸಲ ನೋಡಿ ಬನ್ನಿ ಎಂದು.

ಆ ಪುಣ್ಯಾತ್ಮ ಹೋಗಿಯೇಬಿಟ್ಟ. ಬ್ರೆಡ್ಡು ತಗೊಂಡಲ್ಲ. ಒಂದು ಬುಟ್ಟಿ ಟೊಮೆಟೊ ತಗೊಂಡು.

ಅದರ ಮಾರನೆಯ ದಿನ ಬಂದದ್ದು ಮೊದಲು ಹೇಳಿದ ಇ-ಮೇಲು.

ಇ-ಮೇಲಿನ ಹಿಂದೆಯೇ ಮಧ್ಯದ ಕಂಪನಿಯ ಬೆಂಗಳೂರು ಆಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಕೋಪವಿಲ್ಲ, ತಾಪವಿಲ್ಲ, ತುಂಬಾ ಮರ್ಯಾದೆಯ ಹುಡುಗಿ. ಶೋಭಾ ಸ್ಪೀಕರ್ ಹಾಕಿದಳು. ನೆದರ್‌ಲ್ಯಾಂಡ್ಸಿನಲ್ಲಿ ನೌಕರರಿಗೆ ಹುಷಾರಿಲ್ಲದಿದ್ದರೆ ಏನು ಕಾಯಿಲೆ ಎಂದು ಕೆಲಸ ಕೊಟ್ಟವರು ಕೇಳುವ ಹಾಗಿಲ್ಲವಂತೆ. ಕಾನೂನಂತೆ. ಕಂಪನಿಯ ಡಾಕ್ಟರು ಅಂತ ಒಬ್ಬರಿರುತ್ತಾರೆ, ಅವರು ಮಾತ್ರ ಕೇಳಬಹುದು. ಅವರೂ ನಮಗೆ ಕಾಯಿಲೆ ಯಾವುದೆಂದು ಹೇಳುವುದಿಲ್ಲ. ಕೆಲಸ ಮಾಡಬಲ್ಲಳೋ ಇಲ್ಲವೋ, ಎಷ್ಟು ಹೊತ್ತು ಮಾಡಬಲ್ಲಳು, ಅಷ್ಟು ಹೇಳುತ್ತಾರೆ. ಗಿರಾಕಿಗೆ ಹೋಗಿ ಹೇಳುವುದಂತೂ ಇನ್ನೂ ದೊಡ್ಡ ತಪ್ಪು.

“ಹಂಗಾರೆ ನಾವೇನೂ ಕೇಳಂಗೇ ಇಲ್ಲೇನವ್ವ?” ಎಂದೆ.

“ಕೇಳಬಹುದು ಮೇಡಂ. ಯಾವಾಗ ಕೆಲಸಕ್ಕೆ ವಾಪಸ್ ಬರಬಹುದು ಅಂತ ಕೇಳಬಹುದು. ಬಾಕಿ ಕೆಲಸ ಏನಿದೆ, ಯಾರಿಗೆ ವಹಿಸಬೇಕು ಅಂತ ಕೇಳಬಹುದು.”

ಮಲಗಿದವಳನ್ನು ಏನಾಯಿತು ಎಂದು ಕೇಳುವ ಹಾಗಿಲ್ಲ, ಯಾವಾಗ ಬಂದು ಕೆಲಸ ಮಾಡುತ್ತೀಯ ಎಂದು ಕೇಳಬಹುದು. ನಮ್ಮ ಊರಿನಲ್ಲಿ ಇದನ್ನು ಕೇಳಿದವರ ಮನೆಗೆ ಮತ್ತೆ ಯಾರಾದರೂ ಕಾಲಿಡುತ್ತಾರೆಯೇ? ಅಲ್ಲಿ ಅದು ಕಾನೂನು. ಇಲ್ಲಿ ಮರ್ಯಾದೆಯಾಗಿರುವುದು ಅಲ್ಲಿ ಅಪರಾಧ.

ಇನ್ನೊಂದು ಕೇಳಿದೆ. ಕಾಯಿಲೆ ಏನೆಂದೇ ಗೊತ್ತಿಲ್ಲ, ಸಂಬಳ?

ಕೊಡಬೇಕು ಎಂದಳು. ಕಾನೂನಿನ ಪ್ರಕಾರ ಕಡೇಪಕ್ಷ ನೂರಕ್ಕೆ ಎಪ್ಪತ್ತು. ಕಾಯಿಲೆ ವಾಸಿಯಾಗದೇ ಇದ್ದರೆ ಎರಡು ವರ್ಷದವರೆಗೆ, ಕಾಂಟ್ರಾಕ್ಟು ಅಷ್ಟು ದಿನ ಇದ್ದರೆ. ಶೋಭಾ ಪಕ್ಕದಲ್ಲಿದ್ದ ಇಟ್ಟಿಗೆ ರಾಶಿಯ ಮೇಲೆ ಹಾಗೇ ಕೂತುಕೊಂಡಳು.

ಕೊನೆಗೆ ಹುಡುಗಿ ಹೇಳಿದ ಮಾತು ಮಾತ್ರ ನನ್ನ ಎದೆಗೆ ನಾಟಿತು. ದೂರು ಜಾನಕಿಯದೇ. ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿದ್ದಾಳಂತೆ. ಹುಷಾರಾಗಿ ಬಂದಮೇಲೆ ಹೇಳುತ್ತಾಳಂತೆ.

ಫೋನಿಟ್ಟ ಮೇಲೆ ಶೋಭಾ ಬೈಯಲಿಲ್ಲ. ಅದೇ ಕಷ್ಟ. “ಅವ್ವ, ಆಯಮ್ಮ ಹೋದ್ರೆ ಆ ಸಾವ್ಕಾರನೂ ಹೋಗ್ತಾನೆ. ಆಮ್ಯಾಕೆ ಕಣದಾಗೆ ಅರ್ಧ ಜನಕ್ಕೆ ಬರಬ್ಯಾಡ್ರಿ ಅನ್ನಾದು ಯಾರು, ನೀನೋ ನಾನೋ?” ಎಂದಳು. ನನ್ನ ಫೋನು ಇಸಕೊಂಡು ಜಾನಕಿಯ ನಂಬರನ್ನು ಅಳಿಸಿ ವಾಪಸ್ ಕೊಟ್ಟಳು.

ಆ ಮೂರು ವಾರ ಹೇಗೆ ಕಳೆದೆ ಅಂತ ನನಗೇ ಗೊತ್ತು. ಕೇಳದೇ ಇರುವುದು ಉಪವಾಸಕ್ಕಿಂತ ಕಷ್ಟ. ಉಪವಾಸದಲ್ಲಿ ಹಣ್ಣಾದರೂ ತಿನ್ನಬಹುದು. ಅಡಿಗೆ ಮಾಡುತ್ತಾ, ಎಲೆ ಅಡಿಕೆ ಹಾಕಿಕೊಳ್ಳುತ್ತಾ ಒಂದೇ ಯೋಚನೆ. ಮೂಳೆಯದೋ? ಹೆಂಗಸರ ಕಾಯಿಲೆಯೋ? ಅಥವಾ ಮನಸ್ಸಿನದೋ? ಯಾವುದನ್ನು ಹೇಳಿಕೊಳ್ಳಲು ಅವಳಿಗೆ ಇಷ್ಟವಿಲ್ಲವೋ ಅದನ್ನೇ ಹುಡುಕುತ್ತಿದ್ದೇನಲ್ಲ ಎಂದು ಒಂದು ಸಲ ಅನ್ನಿಸಿತು. ಅನ್ನಿಸಿದ ಮೇಲೂ ಹುಡುಕಿದೆ. ಅಭ್ಯಾಸ.

ವಿಷಯ ಕಣಕ್ಕೆ ಗೊತ್ತಾಗದೇ ಇರುತ್ತದೆಯೇ? (ನಾನೇ ಹೇಳಿದೆ.) ಪುಡಿ ಹರವುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಏನು ಕಾಯಿಲೆ ಎಂದು ಹೇಳದೆಯೇ ಮನೆಯಲ್ಲಿ ಮಲಗಬಹುದಂತೆ, ಸಂಬಳ ಬರುತ್ತದಂತೆ ಎಂದರೆ ಯಾರೂ ನಂಬಲಿಲ್ಲ. ಒಬ್ಬಳು ತನ್ನ ಗಂಡನನ್ನು ಆ ದೇಶಕ್ಕೆ ಕಳಿಸುತ್ತೇನೆ, ಮಲಗುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದಳು. ಎಲ್ಲರೂ ನಕ್ಕರು.

ರತ್ನಮ್ಮ ನಗಲಿಲ್ಲ. ರತ್ನಮ್ಮ ನಮ್ಮ ಕಣದ ಹಿರಿಯಳು. ಯೂನಿಟ್ ಶುರುವಾದಾಗಿನಿಂದ ಇದ್ದಾಳೆ. ನನ್ನನ್ನು ಎದುರಿಗೇ ಆಡಿಕೊಳ್ಳುವ ಹಕ್ಕು ಪಡೆದವಳು ಅವಳೊಬ್ಬಳೇ. ಹೋದ ವರ್ಷ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು, ಚಿತ್ರದುರ್ಗದಲ್ಲಿ. ನಾವೆಲ್ಲ ಟೆಂಪೋ ಮಾಡಿಕೊಂಡು ನೋಡಲು ಹೋಗಿದ್ದೆವು. ಬನ್ನು, ದ್ರಾಕ್ಷಿ, ಎಳನೀರು. ಮಂಚದ ಸುತ್ತ ನಿಂತು, ಎಷ್ಟು ಹೊಲಿಗೆ, ತೆಗೆದ ಗಡ್ಡೆ ಎಷ್ಟು ದೊಡ್ಡದು, ಎಲ್ಲ ವಿಚಾರಿಸಿದೆವು. ಯೂನಿಟ್ಟಿನಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಬಹಳ ಅಂತಃಕರಣದಿಂದ ನಡೆದುಕೊಂಡೆವು ಎಂದೇ ನಮ್ಮ ನಂಬಿಕೆ.

ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ದನಿ ಏರಿಸದೆ ಹೇಳಿದಳು.

“ಆಯಮ್ಮಂಗೆ ಏನಾಗೈತೆ ಅಂತ ಯಾರಿಗೂ ಗೊತ್ತಿಲ್ಲ, ಸಂಬಳ ಬತ್ತೈತೆ. ನಂಗೇನಾಗಿತ್ತು ಅಂತ ಹೊಸದುರ್ಗಕ್ಕೆಲ್ಲ ಗೊತ್ತಿತ್ತು ಅಜ್ಜಿ. ಸಂಬಳ ಬರ್ಲಿಲ್ಲ.”

ಅವಳು ಬಗ್ಗಿ ಮತ್ತೆ ಪುಡಿ ಹರವತೊಡಗಿದಳು.

ಆವತ್ತು ಸಂಜೆ ಶೋಭಾ ಆಡಿಟರಿಗೆ ಫೋನ್ ಮಾಡಿದಳು. ನಮ್ಮ ದೇಶದಲ್ಲಿ ಇಂಥದ್ದೇನೂ ಇಲ್ಲವೇ ಎಂದು ಕೇಳಿದಳು. ಇದೆಯಲ್ಲಮ್ಮ, ಇ.ಎಸ್.ಐ. ಎಂದರು ಅವರು. ನೌಕರರ ಪಾಲು ಇಷ್ಟು, ಮಾಲೀಕರ ಪಾಲು ಇಷ್ಟು ಕಟ್ಟುತ್ತಾ ಬಂದರೆ, ಕಾಯಿಲೆ ಬಿದ್ದಾಗ ಸಂಬಳದ ಬಹುಪಾಲು ಬರುತ್ತದೆ. ಆಸ್ಪತ್ರೆಯೂ ಆಗುತ್ತದೆ. ನಮ್ಮಂಥ ಯೂನಿಟ್ಟಿನಲ್ಲಿ ಹತ್ತು ಜನ ಆದರೆ ಕಟ್ಟಲೇಬೇಕು.

ಹತ್ತು ಜನ ಆದರೆ. ನಮ್ಮ ಹಾಜರಿಯಲ್ಲಿ ಒಂಬತ್ತು ಹೆಸರಿತ್ತು.

ಒಂಬತ್ತು ಎನ್ನುವುದು ನಮ್ಮೊಬ್ಬರ ಸಂಖ್ಯೆಯಲ್ಲ. ನಮ್ಮ ಕಡೆ ಇಂಥ ಎಷ್ಟೋ ಯೂನಿಟ್ಟುಗಳಿಗೆ ಪ್ರೀತಿಯ ಸಂಖ್ಯೆ ಅದು. ಉಳಿದವರೆಲ್ಲ ‘ದಿನಗೂಲಿಗೆ ಬಂದು ಹೋಗುವವರು’. ವರ್ಷಗಟ್ಟಲೆ ಬಂದು ಹೋಗುತ್ತಾರೆ, ಪಾಪ. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಸಾಲು ಎಷ್ಟಕ್ಕೆ ನಿಲ್ಲುತ್ತದೆ ಎಂದು ನನ್ನನ್ನು ಕೇಳಬೇಡಿ. ಕೇಳಬಾರದ ಪ್ರಶ್ನೆಗಳ ಬಗ್ಗೆಯೇ ತಾನೆ ಈ ವಾರ ನಾವು ಮಾತಾಡುತ್ತಿರುವುದು?

ಸಮುದ್ರದಾಚೆ ಇರುವ ಒಬ್ಬಳಿಗಾಗಿ ಅವರ ಕಾನೂನಿನ ಕೊಂಬು ದೀರ್ಘ ಬಿಡದೆ ಪಾಲಿಸಿದ್ದೆವು. ಅದಕ್ಕೆಂದೇ ಒಂದು ಕಂಪನಿಯನ್ನು ಗೊತ್ತು ಮಾಡಿ ಫೀಸು ಕೊಟ್ಟಿದ್ದೆವು. ಯಾಕೆ? ಅಲ್ಲಿ ಹಿಡಿಯುತ್ತಾರೆ ಎಂಬ ಭಯ. ಕಣ್ಣೆದುರು ಬಿಸಿಲಿನಲ್ಲಿ ನಿಂತವರಿಗೆ ಏನು ಕೊಟ್ಟಿದ್ದೆವು? ಪ್ರೀತಿ. ಅದಕ್ಕೆ ಪಾಲು ಕಟ್ಟಬೇಕಾಗಿಲ್ಲ.

ಶೋಭಾ ಎರಡು ದಿನ ಹಾಜರಿ ಪುಸ್ತಕ ತಿರುವಿ ಹಾಕಿದಳು. ಮೂರನೆಯ ದಿನ ಕಣದವರ ಆಧಾರ್ ಕಾರ್ಡುಗಳನ್ನೆಲ್ಲ ತರಿಸಿದಳು. ಎಲ್ಲರ ಹೆಸರೂ ಸೇರಿತು. ಇ.ಎಸ್.ಐ. ಕಟ್ಟಲು ಶುರು ಮಾಡಿದ ತಕ್ಷಣ ಅದು ಕೈಗೆ ಬರುವುದಿಲ್ಲ, ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಯಾರಿಗೆ ಹುಷಾರಿಲ್ಲದಿದ್ದರೂ ಸಂಬಳ ಹಿಡಿಯುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡೆವು. ಮಾತಾಡಿಕೊಂಡೆವು ಎಂದರೆ, ಅವಳು ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟಳು, ನಾನು ಸಹಿ ಹಾಕಿದೆ.

ಅಷ್ಟರಲ್ಲಿ ಜಾನಕಿಯ ಸುದ್ದಿ ಬಂತು. ಸೋಮವಾರದಿಂದ ಅರ್ಧ ದಿನ ಕೆಲಸ ಮಾಡಬಹುದು ಎಂದು ಡಾಕ್ಟರು ಬರೆದಿದ್ದರಂತೆ. ಶೋಭಾ ವೀಡಿಯೊ ಕಾಲ್ ಮಾಡಿದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಯಿ ಬಿಟ್ಟರೆ ಎದ್ದು ಹೋಗಬೇಕು ಎಂದು ಮೊದಲೇ ಹೇಳಿದ್ದಳು.

ಪರದೆಯ ಮೇಲೆ ಜಾನಕಿಯ ಮುಖ ಬಂತು. ಸೊರಗಿದ್ದಳು. ಕೂದಲು ಗಿಡ್ಡ ಕತ್ತರಿಸಿದ್ದಳು. ಯಾಕೆ ಕತ್ತರಿಸಿದ್ದಾಳೆ? ನಾಲಿಗೆ ತುದಿಗೆ ಬಂತು. ನುಂಗಿದೆ. ಕಾನೂನು ಒಪ್ಪುವ ಪ್ರಶ್ನೆಯನ್ನೇ ಕೇಳಿದೆ, ಶೋಭಾ ಇಂಗ್ಲಿಷಿಗೆ ತಿರುಗಿಸಿದಳು. ಯಾವ ಹೊತ್ತಿನಲ್ಲಿ ಕೆಲಸ ಮಾಡುವುದು ನಿನಗೆ ಅನುಕೂಲ?

ಬೆಳಗಿನ ಹೊತ್ತು ಎಂದಳು.

ಆಮೇಲೆ ಅವಳೇ ಮಾತು ತೆಗೆದಳು. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸುವವರ ಹಾಗೆ. ನೀವು ನನಗೆ ಬರೆದದ್ದನ್ನೆಲ್ಲ ಓದಿದೆ, ಅದಕ್ಕೆ ಉತ್ತರ ಕೊಡಲು ನನಗೆ ಇಷ್ಟವಿರಲಿಲ್ಲ, ಕೊಡಲಿಲ್ಲ, ಅಲ್ಲಿಗೆ ಮುಗಿಯಿತು. ಆದರೆ ಆ ಮನು‌ಷ್ಯ ಬಾಗಿಲಿಗೆ ಬಂದ ದಿನ ನಾನು ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ನಾಳೆ ನಾನು ಅವನ ಎದುರು ನಿಂತು ವ್ಯಾಪಾರ ಮಾತಾಡಬೇಕು. ನನ್ನ ಆ ಮುಖ ಅವನಿಗೆ ಗೊತ್ತಿರಬಾರದಿತ್ತು.

ಶೋಭಾ ಕನ್ನಡಕ್ಕೆ ತಿರುಗಿಸಿ ಹೇಳುವಾಗ ಅವಳ ದನಿಯೂ ಸಣ್ಣಗಾಯಿತು.

ರತ್ನಮ್ಮನ ಮಂಚದ ಸುತ್ತ ನಿಂತಿದ್ದ ನಮ್ಮ ಗುಂಪು ಆಗ ನೆನಪಾಯಿತು ನನಗೆ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಬೆಳಕಿಗೆ ಎಂದುಕೊಂಡಿದ್ದೆವು.

“ತಪ್ಪಾಯ್ತು ಕಣವ್ವ” ಎಂದೆ. ಅದನ್ನು ಶೋಭಾ ಇಂಗ್ಲಿಷಿಗೆ ತಿರುಗಿಸಲಿಲ್ಲ. ಜಾನಕಿ ಅದಕ್ಕೆ ಕಾಯಲೂ ಇಲ್ಲ, ತಲೆಯಾಡಿಸಿದಳು.

ಕಾಗದಕ್ಕೆ ಸಹಿ ಹಾಕಿದಳು. ಅದಕ್ಕೆ ಮೊದಲು ಒಂದು ಸಾಲು ಸೇರಿಸಿದಳು, ತನ್ನ ಆರೋಗ್ಯದ ವಿಷಯ ನಮ್ಮಿಂದ ಯಾವ ಗಿರಾಕಿಗೂ ಹೋಗಬಾರದು ಎಂದು. ಅದರ ಕೆಳಗೆ ನಾನೂ ಸಹಿ ಹಾಕಿದೆ. ಟೊಮೆಟೊ ಸಾಹುಕಾರ ಮುಂದಿನ ಲೋಡಿಗೆ ಆರ್ಡರ್ ಕೊಟ್ಟಿದ್ದಾನೆ. ಕಣದಲ್ಲಿ ಯಾರಿಗೂ ಬರಬೇಡಿ ಎನ್ನುವ ಪ್ರಸಂಗ ಬರಲಿಲ್ಲ.

ಜಾನಕಿಗೆ ಏನಾಗಿತ್ತು? ನನಗೆ ಇವತ್ತಿಗೂ ಗೊತ್ತಿಲ್ಲ. ನಿಮಗೂ ಈಗ ಕೇಳಬೇಕು ಅನ್ನಿಸುತ್ತಿದೆ, ಅಲ್ಲವೇ? ಅನುಭವಿಸಿ ಸ್ವಲ್ಪ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬುದ್ಧಿ ಕಲಿತ ಮುದುಕಿ ಎಂದು ನೀವು ಹೊಗಳುತ್ತಿದ್ದಿರಿ. ಆದರೆ ಹೋದ ಬುಧವಾರ ಬೆಳಗ್ಗೆ ರತ್ನಮ್ಮನ ಮೆಸೇಜು ಬಂತು. ‘ಹುಷಾರಿಲ್ಲ ಅಜ್ಜಿ, ಇವತ್ತು ಬರಲ್ಲ.’

ನನ್ನ ಬೆರಳು ತಾನಾಗಿಯೇ ಓಡಿತು. ಜ್ವರಾನಾ ಎಂದು ಒತ್ತಿ, ಅಳಿಸಿದೆ. ಹೊಲಿಗೆ ಹಾಕಿದ ಜಾಗ ಮತ್ತೆ ನೋಯುತ್ತಿದೆಯಾ ಎಂದು ಒತ್ತಿ, ಅದನ್ನೂ ಅಳಿಸಿದೆ. ಕೊನೆಗೆ ಬರೆದೆ: ‘ಆಯ್ತು. ಸಂಬಳ ಹಿಡಿಯಲ್ಲ. ಆರಾಮಾಗಿ ಮಲಗು.’ ಕಳಿಸಿದ ಮೇಲೆ ನನ್ನ ಬಗ್ಗೆ ನನಗೇ ಒಂದು ಥರ ಗೌರವ ಬಂತು.

ಅದು ಮಧ್ಯಾಹ್ನದವರೆಗೂ ಇತ್ತು. ಊಟಕ್ಕೆ ಕೂತಾಗ ರತ್ನಮ್ಮನ ಫೋನು. ಬೆಳಗಿನಿಂದ ಮಲಗಿದ್ದಾಳಂತೆ, ನನ್ನ ಫೋನಿಗೆ ಕಾದಿದ್ದಾಳಂತೆ, ಯಾಕೆ ಏನು ಎಂದು ಒಂದು ನಾಯಿಯೂ ಕೇಳಲಿಲ್ಲವಂತೆ. ನಾನು ಹೊಸ ಕಾನೂನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

“ಸಂಬಳ ಕೊಡ್ರಿ ಅಂದಿದ್ದೆ ಅಜ್ಜಿ. ನನ್ನ ಕೇಳಬ್ಯಾಡ್ರಿ ಅಂತ ಯಾವಾಗ ಅಂದಿದ್ದೆ?”